ಐವತ್ತು ಕೆ.ಜಿ. ಚೀಲದಲ್ಲಿ ಬೀಜ ಎಷ್ಟು? ಟ್ಯೂಷನ್ ಫೀ ಕಟ್ಟುವ ಲೆಕ್ಕ

ಕೊಡಗಿನ ಗೋಣಿಕೊಪ್ಪದಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಮಾರಲು ಹೋದವರಿಗೆಲ್ಲ ಇದು ಗೊತ್ತು. ತಕ್ಕಡಿ 50 ಕೆ.ಜಿ. ತೋರಿಸುತ್ತದೆ, ವ್ಯಾಪಾರಿ ಅದನ್ನು ನೋಡಿಯೂ ನೋಡದವನ ಹಾಗೆ ಇರುತ್ತಾನೆ. ಚೀಲದಿಂದ ಒಂದಿಷ್ಟು ಸ್ಯಾಂಪಲ್ ತೆಗೆದು, ಹೊಟ್ಟು ಬಿಡಿಸಿ, ಬೀಜವನ್ನಷ್ಟೇ ತೂಗಿ, 'ಔಟ್‌ಟರ್ನ್ 26' ಅನ್ನುತ್ತಾನೆ. ಅಂದರೆ 50 ಕೆ.ಜಿ. ಒಣಗಿದ ಹಣ್ಣಿನಲ್ಲಿ 26 ಕೆ.ಜಿ. ಬೀಜ. ಮಿಕ್ಕಿದ್ದು ಹೊಟ್ಟು. ರೇಟು ಕಟ್ಟುವುದು ಬೀಜದ ಮೇಲೆ. ಆದರೆ ನಾವು ಕೊಯ್ದದ್ದು, ಹೊತ್ತದ್ದು, ಕಣದಲ್ಲಿ ಹರವಿದ್ದು, ಅಕಾಲದ ಮಳೆಗೆ ರಾತ್ರಿ ಎದ್ದು ಟಾರ್ಪಾಲ್ ಮುಚ್ಚಿದ್ದು ಪೂರ್ತಿ 50 ಕೆ.ಜಿ.ಗೆ.

ನಾನು 2013ರಿಂದ ಇದೇ ಊರಿನ ಒಂದು ಮಹಡಿ ಕೋಣೆಯಲ್ಲಿ ಪಿಯುಸಿ ಕಾಮರ್ಸ್ ಮಕ್ಕಳಿಗೆ ಅಕೌಂಟೆನ್ಸಿ ಕೋಚಿಂಗ್ ಮಾಡುತ್ತಿದ್ದೇನೆ. ಸವಕಳಿ ಅಂದರೇನು, ಬರಬಹುದಾದ ಬಾಕಿಯಲ್ಲಿ ಎಷ್ಟು ಮುಳುಗಬಹುದು ಅಂತ ಮೊದಲೇ ತೆಗೆದಿಡುವುದು ಹೇಗೆ ಎಂದೆಲ್ಲ ಬೋರ್ಡಿನ ಮೇಲೆ ಬರೆದು ಬರೆದು ಬೆರಳು ಸವೆದಿದೆ. ಸ್ವಂತ ಫೀ ಗೊತ್ತುಮಾಡಿದ್ದು ಹೇಗೆ ಅಂತ ಕೇಳಿದರೆ ಮಾತ್ರ ನಾಚಿಕೆಯಾಗುತ್ತದೆ. ಹತ್ತಿರದ ಇನ್ನೊಂದು ಕ್ಲಾಸಿನವರು ಎಷ್ಟು ತೆಗೆದುಕೊಳ್ಳುತ್ತಾರೆ ಅಂತ ವಿಚಾರಿಸಿ, 'ನಾನು ಹೊಸಬಳು' ಅಂತ ಅದಕ್ಕಿಂತ ನೂರು ರೂಪಾಯಿ ಕಡಿಮೆ ಇಟ್ಟೆ. ತಿಂಗಳಿಗೆ 400ರಲ್ಲಿ ಶುರುವಾಗಿದ್ದು ಹತ್ತು ವರ್ಷದಲ್ಲಿ 600 ಆಯಿತು. ಆ ಇನ್ನೊಂದು ಕ್ಲಾಸಿನವರು ತಮ್ಮ ಫೀ ಹೇಗೆ ಕಟ್ಟಿದರು ಅಂತ ಆಮೇಲೊಮ್ಮೆ ಕೇಳಿದೆ. ಅವರೂ ಮತ್ತೊಬ್ಬರದನ್ನು ನೋಡಿಯೇ ಕಟ್ಟಿದ್ದರು.

ಪಕ್ಕದವರ ರೇಟು ನೋಡುವುದು ತಪ್ಪಲ್ಲ. ಆದರೆ ಅವರ ಕೋಣೆ ಸ್ವಂತದ್ದಿರಬಹುದು, ಗಂಡನಿಗೆ ಸರ್ಕಾರಿ ಸಂಬಳ ಇರಬಹುದು, ತೋಟದ ಆದಾಯದ ಪಕ್ಕ ಟ್ಯೂಷನ್ ಬರೀ ಹವ್ಯಾಸವಾಗಿರಬಹುದು. ಅವರ ಬೆಲೆ ಅವರ ಮನೆಯ ಲೆಕ್ಕ. ಅದನ್ನು ತಂದು ನಮ್ಮ ಬೋರ್ಡಿಗೆ ಬರೆದರೆ ನಮ್ಮ ಮನೆ ನಡೆಯುವುದಿಲ್ಲ.

ನನ್ನದು ನಡೆಯುತ್ತಿರಲಿಲ್ಲ. 2023ರಲ್ಲಿ ಒಂದು ಭಾನುವಾರ ಕೂತು ಲೆಕ್ಕ ಹಾಕಿದೆ. 45 ಮಕ್ಕಳು, ತಿಂಗಳಿಗೆ 600, ಜೂನ್‌ನಿಂದ ಫೆಬ್ರವರಿವರೆಗೆ ಒಂಬತ್ತು ತಿಂಗಳು: ಒಟ್ಟು 2,43,000 ರೂಪಾಯಿ. ಅದರಲ್ಲಿ ಬಾಡಿಗೆ ತಿಂಗಳಿಗೆ 7,000ದಂತೆ ವರ್ಷಕ್ಕೆ 84,000. ರಜೆ ಅಂತ ಓನರ್ ಬಾಡಿಗೆ ಬಿಡುವುದಿಲ್ಲ, ಆದ್ದರಿಂದ ಹನ್ನೆರಡು ತಿಂಗಳೂ ಲೆಕ್ಕಕ್ಕೆ. ಕರೆಂಟು, ಯುಪಿಎಸ್ ಬ್ಯಾಟರಿ, ಇಂಟರ್ನೆಟ್ 24,000. ಬೆಂಚು, ಬೋರ್ಡು, ಪ್ರಿಂಟರ್‌ಗೆ ಹಾಕಿದ 60,000ವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12,000. ಫೋನು, ಗುಡಿಸುವವರಿಗೆ ಕೊಡುವುದು, ಸಣ್ಣಪುಟ್ಟದ್ದು 18,000. ಇವು ಒಂದು ಮಗು ಬರಲಿ ಅರವತ್ತು ಬರಲಿ ಬದಲಾಗದ ಖರ್ಚು, ಒಟ್ಟು 1,38,000. ಇದರ ಮೇಲೆ ನೋಟ್ಸು, ಟೆಸ್ಟ್ ಪೇಪರು ಅಂತ ಮಗುವೊಂದಕ್ಕೆ 600ರಂತೆ 27,000. ಎಲ್ಲ ಕಳೆದು ನನಗೆ ಉಳಿದದ್ದು 78,000. ತಿಂಗಳಿಗೆ ಆರೂವರೆ ಸಾವಿರ. ಫೀ ಒಬ್ಬರೂ ಬಾಕಿ ಉಳಿಸಿಕೊಳ್ಳದೆ ಕೊಟ್ಟರು ಅಂತ ಇಟ್ಟುಕೊಂಡು.

ಆ ಲೆಕ್ಕದಲ್ಲಿ ಇದ್ದ ದೊಡ್ಡ ತಪ್ಪು ಏನೆಂದರೆ ನನ್ನ ಸಂಬಳವನ್ನು 'ಉಳಿದದ್ದು' ಅಂತ ಕೊನೆಯ ಸಾಲಿನಲ್ಲಿ ಬರೆದದ್ದು. ತೋಟದ ಲೆಕ್ಕ ಬರೆಯುವಾಗ ಯಾರೂ ಆಳಿನ ಬಟವಾಡೆಯನ್ನು ಕೊನೆಗೆ ಉಳಿದರೆ ಕೊಡುವುದು ಅಂತ ಬರೆಯುವುದಿಲ್ಲ. ಟ್ಯೂಷನ್ ನಡೆಸುವವರ ಸಂಬಳವೂ ಬಾಡಿಗೆಯ ಹಾಗೆಯೇ ಮೇಲಿನ ಸಾಲಿಗೆ ಸೇರಬೇಕಾದ ಖರ್ಚು. ಎಷ್ಟು ಬರೆಯಬೇಕು ಅನ್ನುವುದಕ್ಕೆ ಒಂದು ಸರಳ ಪ್ರಶ್ನೆ ಇದೆ: ಇದೇ ದುಡಿಮೆಯನ್ನು ಬೇರೆ ಕಡೆ ಕೊಟ್ಟರೆ ಎಷ್ಟು ಸಿಗುತ್ತಿತ್ತು? ನಾನು ತಿಂಗಳಿಗೆ 25,000 ಅಂತ ಬರೆದೆ. ವರ್ಷಕ್ಕೆ 3,00,000. ಬದಲಾಗದ ಖರ್ಚು ಸೇರಿ 4,38,000. ಕಾಯಿಲೆ, ಪ್ರಿಂಟರ್ ರಿಪೇರಿ, ಕೆಟ್ಟ ವರ್ಷ ಅಂತ ಇನ್ನೊಂದು 42,000 ತೆಗೆದಿಟ್ಟೆ. ವರ್ಷಕ್ಕೆ ಬೇಕಾದದ್ದು 4,80,000.

ಹೊಟ್ಟಿನ ಗಂಟೆಗಳು

ಈಗ ಔಟ್‌ಟರ್ನ್‌ಗೆ ಬರೋಣ. ನನ್ನಲ್ಲಿ ನಾಲ್ಕು ಬ್ಯಾಚು, ಒಂದೊಂದಕ್ಕೆ ವಾರಕ್ಕೆ ನಾಲ್ಕು ಗಂಟೆ. ಬೋರ್ಡಿನ ಮುಂದೆ ನಿಂತದ್ದು 16 ಗಂಟೆ. 'ವಾರಕ್ಕೆ ಹದಿನಾರು ಗಂಟೆ ಅಷ್ಟೇನಾ ಮಿಸ್, ಆರಾಮು' ಅಂತ ಹೇಳಿದವರು ಬಹಳ ಜನ. ಒಂದು ವಾರ ಪೂರ್ತಿ ಗಡಿಯಾರ ನೋಡಿ ಬರೆದಿಟ್ಟೆ. ಪಾಠದ ತಯಾರಿ 6 ಗಂಟೆ, ಪೇಪರ್ ತಿದ್ದಿದ್ದು 8, ನೋಟ್ಸ್ ಮಾಡಿದ್ದು 3, ತಂದೆ-ತಾಯಿಯರ ಫೋನು 3, ಫೀ ಲೆಕ್ಕ 2, ಕೋಣೆ ತೆಗೆದು ಒರೆಸಿ ಮುಚ್ಚಿದ್ದು 2. ಒಟ್ಟು 24. ಎರಡೂ ಸೇರಿ 40 ಗಂಟೆ, ಅದರಲ್ಲಿ ಕಣ್ಣಿಗೆ ಕಾಣುವುದು 16. ಚೀಲದ ಲೆಕ್ಕಕ್ಕೆ ತಂದರೆ ಔಟ್‌ಟರ್ನ್ 20. ಕಾಫಿ ಆಗಿದ್ದರೆ ವ್ಯಾಪಾರಿ ಮೂಗು ಮುರಿಯುತ್ತಿದ್ದ.

ಕಾಣುವ ಗಂಟೆಗಳೂ ವರ್ಷದ 52 ವಾರ ಇರುವುದಿಲ್ಲ. ಜೂನ್‌ನಿಂದ ಫೆಬ್ರವರಿ ಅಂದರೆ ಸುಮಾರು 39 ವಾರ. ಅದರಲ್ಲಿ ಜುಲೈ-ಆಗಸ್ಟ್‌ನಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನಗಳು, ದಸರಾ ರಜೆ, ಕೈಲ್‌ಪೊಳ್ದ್, ತುಲಾ ಸಂಕ್ರಮಣ, ಪುತ್ತರಿಯಂಥ ಇಲ್ಲಿನ ಹಬ್ಬಗಳು, ಕಾಲೇಜಿನ ಟೆಸ್ಟುಗಳು ಎಲ್ಲ ಹೋದರೆ ಕೈಗೆ ಸಿಗುವುದು ಸುಮಾರು 32 ವಾರ. 16 ಗಂಟೆಯಂತೆ 32 ವಾರಕ್ಕೆ 512 ಗಂಟೆ. ವರ್ಷಕ್ಕೆ ಬೇಕಾದ 4,80,000ವನ್ನು 512ರಿಂದ ಭಾಗಿಸಿ ನೋಡಿ: ಗಂಟೆಗೆ 938 ರೂಪಾಯಿ.

ಈ ಒಂದು ಸಂಖ್ಯೆ ಗೊತ್ತಾದ ಮೇಲೆ ಉಳಿದದ್ದೆಲ್ಲ ಹಗುರ. ನಾನು ಬೋರ್ಡಿನ ಮುಂದೆ ನಿಂತ ಗಂಟೆಗೆ, ಎದುರು ಎಷ್ಟು ಜನ ಕೂತಿದ್ದರೂ, 938 ಹುಟ್ಟಬೇಕು. ಹದಿನೈದು ಮಕ್ಕಳಿದ್ದರೆ ತಲೆಗೆ ಸುಮಾರು 63. ಎಂಟು ಜನ ಇದ್ದರೆ 117. ಒಬ್ಬನೇ ಕೂತರೆ ಪೂರ್ತಿ 938 ಅವನದೇ.

ಸಿದ್ದಾಪುರದ ಕಡೆಯ ತೋಟದ ಮನೆಯವರೊಬ್ಬರು ಮಗನಿಗೆ ಮನೆಗೇ ಬಂದು ಹೇಳಿಕೊಡಿ ಅಂದರು. 'ಗಂಟೆಗೆ ಮುನ್ನೂರು ಕೊಡ್ತೀವಿ ಮಿಸ್, ಇಲ್ಲಿ ಯಾರೂ ಅಷ್ಟು ಕೊಡಲ್ಲ.' ಹಿಂದಿನ ನಾನಾಗಿದ್ದರೆ, ತಲೆಗೆ ತಿಂಗಳಿಗೆ 600 ಪಡೆಯುವವಳಿಗೆ ಗಂಟೆಗೆ 300 ಅಂದರೆ ಲಾಟರಿ ಅಂತ ಸ್ಕೂಟರ್ ಹತ್ತುತ್ತಿದ್ದೆ. ಹೋಗಿ ಬರುವ ಹೊತ್ತೂ ಹೊಟ್ಟೇ ಅನ್ನುವುದು ಆಗ ಹೊಳೆಯುತ್ತಿರಲಿಲ್ಲ. ಈ ಸಲ 1,200 ಅಂದೆ. ಅವರು ನಕ್ಕರು. ಒಂದು ವಾರ ಬಿಟ್ಟು ಫೋನ್ ಮಾಡಿ, ಪಕ್ಕದ ತೋಟಗಳ ಮೂವರು ಮಕ್ಕಳನ್ನೂ ಸೇರಿಸಿಕೊಂಡು ನಾಲ್ವರನ್ನು ಭಾನುವಾರ ನನ್ನ ಕೋಣೆಗೇ ಕಳಿಸುತ್ತೇನೆ ಅಂದರು. ತಲೆಗೆ 300. ಅವರು ಹೇಳಿದ ರೇಟೂ ಉಳಿಯಿತು, ನನ್ನ 1,200 ಕೂಡ ಉಳಿಯಿತು.

ಖಾಲಿ ಬೆಂಚು

ನನ್ನ ಕೋಣೆಯಲ್ಲಿ ಬ್ಯಾಚಿಗೆ 15 ಜನ ಕೂರಬಹುದು, ಅಂದರೆ 60 ಸೀಟು. ಫೀ ಲೆಕ್ಕ ಹಾಕುವಾಗ 60ರಿಂದ ಭಾಗಿಸುವ ಆಸೆ ಎಲ್ಲರಿಗೂ ಬರುತ್ತದೆ, ಏಕೆಂದರೆ ಉತ್ತರ ಚಿಕ್ಕದಾಗಿ, ಚೆಂದವಾಗಿ ಬರುತ್ತದೆ. ಆದರೆ ಭಾಗಿಸಬೇಕಾದ್ದು ಕಳೆದ ಎರಡು ಮೂರು ವರ್ಷ ನಿಜವಾಗಿ ಬಂದು ಕೂತವರ ಸಂಖ್ಯೆಯಿಂದ. ನನಗೆ ಅದು 45. ಬೇಕಾದ 4,80,000ಕ್ಕೆ 45 ಮಕ್ಕಳ ನೋಟ್ಸಿನ 27,000 ಸೇರಿಸಿದರೆ 5,07,000. ನೂರಕ್ಕೆ ಐದು ರೂಪಾಯಿ ವಸೂಲಾಗುವುದಿಲ್ಲ ಅಂತ ಅನುಭವದಿಂದ ಗೊತ್ತು. ಅದನ್ನೂ ಹಿಡಿದರೆ ತಲೆಗೆ ವರ್ಷಕ್ಕೆ 11,860.

ಇದರ ಮೇಲೆ ಇನ್ನೊಂದು ತೀರ್ಮಾನ ಮಾಡಿದೆ. ಬ್ಯಾಚಿಗೊಂದು ಸೀಟು, ಒಟ್ಟು ನಾಲ್ಕು, ಅರ್ಧ ಫೀಗೆ. ಲೈನ್‌ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆ) ಬರುವ ಮಕ್ಕಳಿಗೆ, ಅಪ್ಪನೋ ಅಮ್ಮನೋ ಇಲ್ಲದ ಮನೆಯವರಿಗೆ. ಮೊದಲೂ ಕಡಿಮೆ ತೆಗೆದುಕೊಳ್ಳುತ್ತಿದ್ದೆ, ಆದರೆ ಲೆಕ್ಕವಿಲ್ಲದೆ, ಯಾರು ಹೆಚ್ಚು ಬೇಡಿಕೊಂಡರೋ ಅವರಿಗೆ. ಬೇಡಿಕೊಳ್ಳಲು ಬರುವವರು ಒಂದು ಬಗೆ, ನಿಜವಾಗಿ ಕಷ್ಟದಲ್ಲಿರುವವರು ಇನ್ನೊಂದು. ಎರಡನೆಯವರು ಬಾಯಿಬಿಡುವುದಿಲ್ಲ, ಸುಮ್ಮನೆ ಮಗುವನ್ನು ಕ್ಲಾಸಿನಿಂದ ಬಿಡಿಸುತ್ತಾರೆ. ನಾಲ್ಕು ಅರ್ಧ ಸೀಟು ಅಂದರೆ 45 ಜನ 43 ಪೂರ್ತಿ ಫೀಗೆ ಸಮ. ಅದರ ಪ್ರಕಾರ ತಲೆಗೆ 12,411. ಮುಟ್ಟಬೇಕಾದ ಫೀ ಅಂತ ಬೋರ್ಡಿಗೆ 12,400 ಬರೆದೆ. ಹೆಚ್ಚಾದದ್ದು ತಲೆಗೆ ಸುಮಾರು 550 ರೂಪಾಯಿ, ಅದನ್ನು ಕೊಡುವ ತಂದೆ-ತಾಯಿಯರಿಗೆ ಏಕೆ ಅಂತ ಹೇಳಿಯೂ ಇದ್ದೇನೆ. ಜಗಳವಾಡಿದವರು ಒಬ್ಬರು. ಅವರ ಕಾರಿನ ಬಗ್ಗೆ ಬರೆಯುವುದು ಬೇಡ.

ಖಾಲಿ ಬೆಂಚಿನ ಇನ್ನೊಂದು ಆಟ ಇದೆ. 46ನೇ ಮಗು ಬಂದು, 'ಏಳು ಸಾವಿರಕ್ಕೆ ಮಾಡಿ' ಅನ್ನುತ್ತದೆ. ಬಾಡಿಗೆ ಹೇಗೂ ಕಟ್ಟಿ ಆಗಿದೆ, ಬೆಂಚು ಖಾಲಿ ಇದೆ, ಆ ಮಗುವಿಗೆ ಹೊಸದಾಗಿ ತಗಲುವ ಖರ್ಚು 600. ಅಂದರೆ 6,400 ಲಾಭ. ಕಾಗದದ ಮೇಲೆ ಇದು ಸರಿ. ಬಸ್ಸಿನವರು, ವಿಮಾನದವರು, ಹೋಂಸ್ಟೇಯವರು ಖಾಲಿ ಸೀಟನ್ನು, ಖಾಲಿ ರೂಮನ್ನು ಹೀಗೆಯೇ ಮಾರುತ್ತಾರೆ. ಹೋಂಸ್ಟೇಗೆ ಬಂದ ಬೆಂಗಳೂರಿನವರಿಗೆ ಪಕ್ಕದ ರೂಮಿನವರು ಎಷ್ಟು ಕೊಟ್ಟರು ಅಂತ ಗೊತ್ತಾಗುವುದಿಲ್ಲ, ಗೊತ್ತಾದರೂ ಸೋಮವಾರ ಹೊರಟುಹೋಗುತ್ತಾರೆ. ನನ್ನ 45 ಮನೆಯವರು ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ವರ್ಷವಿಡೀ ಒಬ್ಬರಿಗೊಬ್ಬರು ಸಿಗುತ್ತಾರೆ. ಒಬ್ಬರಿಗೆ ಏಳು ಸಾವಿರ ಮಾಡಿದ್ದು ಎರಡನೇ ಮದುವೆ ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಇರುತ್ತದೆ. ಆದ್ದರಿಂದ ರಿಯಾಯಿತಿ ಕೊಡುವುದಾದರೆ ಗೋಡೆಗೆ ಅಂಟಿಸಬಹುದಾದ ಕಾರಣ ಇರಬೇಕು: ಅಣ್ಣ-ತಂಗಿ ಇಬ್ಬರೂ ಬಂದರೆ ಎರಡನೆಯವರಿಗೆ ಇಷ್ಟು ಕಡಿಮೆ, ಜೂನ್‌ನಲ್ಲೇ ಪೂರ್ತಿ ಕಟ್ಟಿದರೆ ಇಷ್ಟು ಕಡಿಮೆ. 'ನೀವು ನಮಗೆ ಬೇಕಾದವರು' ಅನ್ನುವುದು ಗೋಡೆಗೆ ಅಂಟಿಸುವ ಕಾರಣ ಅಲ್ಲ.

5,400 ಇದ್ದ ವರ್ಷದ ಫೀಯನ್ನು ಒಂದೇ ಸಲ 12,400 ಮಾಡುವ ಧೈರ್ಯ ಬರಲಿಲ್ಲ. ಮೊದಲ ವರ್ಷ 8,500 ಮಾಡಿದೆ. ಎಷ್ಟು ಜನ ಬಿಟ್ಟು ಹೋಗಬಹುದು ಅನ್ನುವ ಭಯಕ್ಕೆ ಮದ್ದು ಒಂದು ಭಾಗಾಕಾರ. ಹಳೆಯ ಫೀಯಲ್ಲಿ ಮಗುವೊಂದರಿಂದ, ನೋಟ್ಸ್ ಖರ್ಚು ಕಳೆದು, ಕೈಗೆ ಬರುತ್ತಿದ್ದದ್ದು 4,800; 45 ಜನಕ್ಕೆ 2,16,000. ಹೊಸ ಫೀಯಲ್ಲಿ ಬರುವುದು 7,900. 2,16,000ವನ್ನು 7,900ರಿಂದ ಭಾಗಿಸಿದರೆ 28 ಮಕ್ಕಳು. ಅಂದರೆ ಹದಿನೇಳು ಜನ ಬಿಟ್ಟು ಹೋದರೂ ನಾನು ಮೊದಲಿದ್ದಲ್ಲೇ ಇರುತ್ತೇನೆ, ತಿದ್ದುವ ಪೇಪರು ಮಾತ್ರ ಹದಿನೇಳು ಕಟ್ಟು ಕಡಿಮೆ. ಹೋದದ್ದು ಏಳು ಜನ. ಫೀ ಏರಿಸುವ ಮೊದಲು ಈ ಭಾಗಾಕಾರ ಎಲ್ಲರೂ ಮಾಡಲಿ. ರಾತ್ರಿ ನಿದ್ದೆ ಬರುತ್ತದೆ.

ಏರಿಸುವುದನ್ನು ಏಪ್ರಿಲ್‌ನಲ್ಲಿ ಹೇಳಬೇಕು, ಜೂನ್‌ನಿಂದ ಜಾರಿಗೆ ತರಬೇಕು. ಅರ್ಧ ವರ್ಷದಲ್ಲಿ ಏರಿಸಬಾರದು. ಇದು ಬರೀ ಮರ್ಯಾದೆಯ ಮಾತಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಹೊರಡಿಸಿದ ಮಾರ್ಗಸೂಚಿಯಲ್ಲೂ ಕೋರ್ಸಿನ ನಡುವೆ ಫೀ ಹೆಚ್ಚಿಸಬಾರದು ಎಂದಿದೆ. ಪೂರ್ತಿ ಫೀ ಕಟ್ಟಿದ ಮಗು ನಡುವೆ ಬಿಟ್ಟರೆ, ಉಳಿದ ಅವಧಿಯ ಹಣವನ್ನು ಹತ್ತು ದಿನದೊಳಗೆ ವಾಪಸ್ ಕೊಡಬೇಕು ಎಂದಿದೆ. ನನ್ನ ಲೆಕ್ಕದಲ್ಲಿ ಒಂಬತ್ತು ತಿಂಗಳಲ್ಲಿ ನಾಲ್ಕು ಮುಗಿಸಿ ಹೋದವರಿಗೆ 6,889 ರೂಪಾಯಿ. ಆ ಮಾರ್ಗಸೂಚಿ 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು, ನನ್ನಲ್ಲಿ ಅಷ್ಟಿಲ್ಲ. ಹಾಗಿದ್ದರೂ ನಾನು ಎರಡನ್ನೂ ರಸೀದಿಯ ಹಿಂದೆ ಅಚ್ಚು ಹಾಕಿಸಿದ್ದೇನೆ. ವಾಪಸ್ ಸಿಗುತ್ತದೆ ಅಂತ ಬರೆದಿರುವ ಕಡೆ ಜನ ಪೂರ್ತಿ ಫೀ ಧೈರ್ಯವಾಗಿ ಕಟ್ಟುತ್ತಾರೆ. ಕೇಳಿಕೊಂಡು ಬಂದವರು ಇಲ್ಲಿಯವರೆಗೆ ಇಬ್ಬರು.

ದುಡ್ಡು ಬರುವ ತಿಂಗಳು

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡಗಳು ಕುಸಿದಾಗ ನಾನಿನ್ನೂ ತಿಂಗಳ ಫೀ ತೆಗೆದುಕೊಳ್ಳುತ್ತಿದ್ದೆ. ಕ್ಲಾಸು ನಿಂತಿತು, ಫೀಯೂ ನಿಂತಿತು. ಆ ಹೊತ್ತಿನಲ್ಲಿ ಯಾರನ್ನಾದರೂ ಕೇಳುವುದು ಹೇಗೆ? ಕೇಳಲಿಲ್ಲ. ಆದರೆ ಸೆಪ್ಟೆಂಬರ್ ಕೊನೆಗೆ ಶುರುವಾದ ಮೇಲೆ ಬಿಟ್ಟುಹೋದ ಪಾಠವನ್ನೆಲ್ಲ ಭಾನುವಾರ ಕೂರಿಸಿ ಮುಗಿಸಿದೆ, ಅದಕ್ಕೂ ಯಾರೂ ಕೊಡಲಿಲ್ಲ. ತಿಂಗಳ ಫೀಯಲ್ಲಿರುವ ಗುಟ್ಟು ಇದು: ಮಾರುತ್ತಿರುವುದು ಇಡೀ ಸಿಲಬಸ್ಸು, ಹಣ ತೆಗೆದುಕೊಳ್ಳುವುದು ಮಾತ್ರ ಹಾಜರಿಯ ಮೇಲೆ. ಮಳೆ ಬಂದರೆ ನಷ್ಟ ನಮ್ಮದು, ಹೆಚ್ಚುವರಿ ಕ್ಲಾಸು ತೆಗೆದರೆ ಅದೂ ನಮ್ಮದು. ಈ ಜಿಲ್ಲೆಯಲ್ಲಿ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದ ಬೆಲೆ ಬೆಲೆಯೇ ಅಲ್ಲ. ಆದ್ದರಿಂದ ಬೆಲೆ ಇಡೀ ಕೋರ್ಸಿಗೆ ಒಂದು. ಕಟ್ಟುವುದು ಕಂತಿನಲ್ಲಿ.

ಕಂತು ಯಾವಾಗ ಅನ್ನುವುದರಲ್ಲಿ ಕೊಡಗಿನ ಕ್ಯಾಲೆಂಡರ್ ಬರುತ್ತದೆ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ, ರೋಬಸ್ಟಾ ಜನವರಿಯಿಂದ. ಜೂನ್‌ನಲ್ಲಿ ಬೆಳೆಗಾರನ ಕೈ ಖಾಲಿ, ಗೊಬ್ಬರದ ಸಾಲ ತಲೆಯ ಮೇಲೆ. 'ಕಾಫಿ ದುಡ್ಡು ಬಂದ ಕೂಡಲೇ ಕೊಡ್ತೀನಿ ಮಿಸ್' ಅನ್ನುವುದು ನೆಪವಲ್ಲ, ನಿಜ. ತೋಟದ ಕಾರ್ಮಿಕರಿಗೆ ವಾರದ ಬಟವಾಡೆ. ಅವರ ಕೈಯಲ್ಲಿ ಒಟ್ಟಿಗೆ ನಾಲ್ಕು ಸಾವಿರ ಇರುವುದೇ ಇಲ್ಲ, ಆದರೆ ವಾರಕ್ಕೆ ಇನ್ನೂರರಂತೆ ಫೀ ತಪ್ಪದೆ ಬರುತ್ತದೆ. ಬ್ಯಾಂಕ್, ಶಾಲೆ, ಅರಣ್ಯ ಇಲಾಖೆಯಲ್ಲಿರುವವರಿಗೆ ತಿಂಗಳ ಸಂಬಳ. ಬೆಲೆ ಮೂವರಿಗೂ ಒಂದೇ. ಕಟ್ಟುವ ತಾಳ ಮೂರು ಬಗೆ.

ಎಲ್ಲರಿಗೂ ಸಾಮಾನ್ಯ ಕಂತು ಜೂನ್‌ನಲ್ಲಿ 4,400, ಸೆಪ್ಟೆಂಬರ್‌ನಲ್ಲಿ 4,000, ಜನವರಿಯಲ್ಲಿ 4,000. ಬೆಳೆಗಾರರಿಗೆ ಸೆಪ್ಟೆಂಬರ್ ಕಂತನ್ನು ಜನವರಿಗೆ ತಳ್ಳುತ್ತೇನೆ. ಆದರೆ ಜನವರಿ 31 ದಾಟಿಸುವುದಿಲ್ಲ. ರೋಬಸ್ಟಾ ಹಣ ಬರುವುದು ಫೆಬ್ರವರಿ-ಮಾರ್ಚ್‌ಗೆ ಅಂತ ಗೊತ್ತಿದ್ದೂ ಏಕೆ ಹೀಗೆ? ಪರೀಕ್ಷೆ ಮುಗಿದ ಮಗುವಿನ ಮನೆಗೆ ಟ್ಯೂಷನ್ ಮಿಸ್‌ನ ಫೋನ್ ನಂಬರು ತಾನಾಗಿಯೇ ಮರೆತುಹೋಗುತ್ತದೆ. ನನ್ನ ಹಳೆಯ ಬಾಕಿ ಪುಸ್ತಕದಲ್ಲಿರುವ ಹೆಸರುಗಳಲ್ಲಿ ಹೆಚ್ಚಿನವು 'ಮಾರ್ಚ್‌ನಲ್ಲಿ ಕೊಡ್ತೀನಿ' ಅಂದವರದು. ಒಬ್ಬರು ಬಾಕಿಗೆ ಬದಲಾಗಿ ಎರಡು ಕೆ.ಜಿ. ಕರಿಮೆಣಸು ತಂದುಕೊಟ್ಟರು. ಮೆಣಸು ಚೆನ್ನಾಗಿತ್ತು.

ಕಾಫಿ ರೇಟು ಏರಿದ ವರ್ಷ ಫೀಯನ್ನೂ ಏರಿಸಿ ಅಂತ ಸಲಹೆ ಕೊಟ್ಟವರಿದ್ದಾರೆ. ನಾನು ಒಪ್ಪಲಿಲ್ಲ. ಏರಿದ ರೇಟು ತೋಟದ ಮಾಲೀಕರಿಗೆ. ನನ್ನಲ್ಲಿ ಬರುವ ಅರ್ಧಕ್ಕಿಂತ ಹೆಚ್ಚು ಮನೆಗಳಿಗೆ ತೋಟವೇ ಇಲ್ಲ. ರೇಟು ಇಳಿದ ವರ್ಷ ಫೀ ಇಳಿಸಲು ನಾನು ತಯಾರಿಲ್ಲ ಅನ್ನುವುದೂ ಇದೆ.

ಮಾರ್ಚ್ ನಂತರದ ಮಾತು ಒಂದಿಷ್ಟು. 2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪರೀಕ್ಷೆ-1ರಲ್ಲಿ ಫೇಲಾದವರು, ಅಂಕ ಸಾಲದವರು ಪರೀಕ್ಷೆ-2ರ ಮೊದಲು ಕೆಲವೇ ವಾರಗಳಲ್ಲಿ ಓಡಿ ಬರುತ್ತಾರೆ. ಹೆದರಿದ ತಂದೆ-ತಾಯಿ ಕೇಳಿದಷ್ಟು ಕೊಡುತ್ತಾರೆ, ಕೆಲವು ಕ್ಲಾಸಿನವರು ಕೇಳುತ್ತಾರೆ ಕೂಡ. ನನ್ನ ಲೆಕ್ಕ ಇಷ್ಟು: 20 ಗಂಟೆಯ ಕ್ಲಾಸು, ಎಂಟು ಮಕ್ಕಳು. 938ರ ಪ್ರಕಾರ ತಲೆಗೆ 2,345 ಆಗಬೇಕು. ಆದರೆ ಆ ವರ್ಷದ ಬಾಡಿಗೆ, ಸಂಬಳ ಎಲ್ಲ ಫೆಬ್ರವರಿಯೊಳಗೇ ದುಡಿದು ಆಗಿರುತ್ತದೆ, ಕೋಣೆ ಖಾಲಿ. 2,000 ತೆಗೆದುಕೊಳ್ಳುತ್ತೇನೆ. ಖಾಲಿ ಬೆಂಚಿನ ಲೆಕ್ಕ ಸರಿಹೊಂದುವ ಜಾಗ ಇದೊಂದೇ. ಎಲ್ಲರಿಗೂ ಅದೇ ರೇಟು ತಾನೆ.

ಯೂಟ್ಯೂಬಿನಲ್ಲಿ ಫ್ರೀ ಇದೆಯಲ್ಲ

ಇಲ್ಲಿಯವರೆಗೆ ಹೇಳಿದ್ದು ಬೆಲೆಯ ತಳ. ಅದಕ್ಕಿಂತ ಕೆಳಗೆ ಹೋದರೆ ಮುಳುಗುತ್ತೇವೆ. ಮೇಲಿನ ಮಿತಿಯನ್ನು ನಮ್ಮ ಖರ್ಚು ಹೇಳುವುದಿಲ್ಲ. ನಾವಿಲ್ಲದಿದ್ದರೆ ಆ ತಂದೆ-ತಾಯಿ ಏನು ಮಾಡುತ್ತಿದ್ದರು ಅನ್ನುವುದು ಹೇಳುತ್ತದೆ. ಗೋಣಿಕೊಪ್ಪದಲ್ಲಿ ಆ ದಾರಿಗಳು ನಾಲ್ಕು: ಇನ್ನೊಂದು ಕ್ಲಾಸು, ಯೂಟ್ಯೂಬು, ಏನೂ ಇಲ್ಲದೆ ಮಗುವನ್ನೇ ನಂಬುವುದು, ಇಲ್ಲವೇ ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಾಸ್ಟೆಲ್ ಸೇರಿಸುವುದು. ಹಾಸ್ಟೆಲ್ಲಿನ ಖರ್ಚಿನ ಮುಂದೆ 12,400 ಏನೂ ಅಲ್ಲ. ಯೂಟ್ಯೂಬಿನ ಮುಂದೆ ಅದು ಪೂರ್ತಿ ದುಬಾರಿ.

ಹಾಗಾದರೆ ಕೊಡುವವರು ಯಾವುದಕ್ಕೆ ಕೊಡುತ್ತಿದ್ದಾರೆ? ಕೇಳಿದೆ. ಒಬ್ಬೊಬ್ಬರೇ ತಾಯಂದಿರನ್ನು ಕೂರಿಸಿಕೊಂಡು ಕೇಳಿದೆ. ನಾನು ಚೆನ್ನಾಗಿ ಪಾಠ ಮಾಡುತ್ತೇನೆ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಿದ್ದು ಬೇರೆ. 'ಪೇಪರ್ ತಿದ್ದಿ ಎಲ್ಲಿ ತಪ್ಪಿದೆ ಅಂತ ಕೆಂಪಲ್ಲಿ ಬರೆದು ಕೊಡ್ತೀರಲ್ಲ.' 'ಅವಳು ಬರದಿದ್ರೆ ಸಂಜೆ ಫೋನ್ ಮಾಡ್ತೀರಲ್ಲ.' 'ನಾವು ಓದಿದವರಲ್ಲ ಮಿಸ್, ಮುಂದೆ ಏನು ಸೇರಿಸೋದು ಅಂತ ನಿಮ್ಮತ್ರ ಕೇಳಬಹುದು.'

ನಾನು ಹೊಟ್ಟು ಅಂತ ಬರೆದಿಟ್ಟಿದ್ದ 24 ಗಂಟೆಗಳು ಇವು. ಕಾಫಿಯ ಹೋಲಿಕೆ ಇಲ್ಲಿಗೆ ಮುರಿದು ಬೀಳುತ್ತದೆ. ಬೋರ್ಡಿನ ಮುಂದಿನ 16 ಗಂಟೆ ಎಲ್ಲ ಕಡೆ ಸಿಗುತ್ತದೆ, ಯೂಟ್ಯೂಬಿನಲ್ಲಿ ನನಗಿಂತ ಚೆನ್ನಾಗಿ ಸಿಗುತ್ತದೆ. ಈ ಊರಿನಲ್ಲಿ ಬೇರೆಲ್ಲೂ ಸಿಗದಿರುವುದು ಕಣ್ಣಿಗೆ ಕಾಣದ ಗಂಟೆಗಳು. ಫೀ ಸಾಲುತ್ತಿಲ್ಲ ಅಂತ ನಾನು ಮೊದಲು ಕಡಿಮೆ ಮಾಡಿದ್ದೂ ಅವನ್ನೇ: ವಾರದ ಟೆಸ್ಟನ್ನು ಹದಿನೈದು ದಿನಕ್ಕೊಮ್ಮೆ ಮಾಡಿದ್ದೆ, ಫೋನು ಬಿಟ್ಟಿದ್ದೆ. ಆ ಎರಡು ವರ್ಷವೇ ಮಕ್ಕಳು ಕಡಿಮೆಯಾದದ್ದು. ಈಗ ರಸೀದಿಯ ಮೇಲೆ 'ವರ್ಷಕ್ಕೆ 128 ಗಂಟೆ ಪಾಠ' ಅನ್ನುವುದರ ಕೆಳಗೆ '28 ತಿದ್ದಿದ ಟೆಸ್ಟು, ಗೈರುಹಾಜರಾದ ದಿನವೇ ಫೋನು' ಅಂತಲೂ ಅಚ್ಚಾಗಿದೆ. ಬೆಲೆ ಕೇಳಿದವರಿಗೆ ಮೊದಲು ತೋರಿಸುವುದು ಒಂದು ಹಳೆಯ ಟೆಸ್ಟ್ ಪೇಪರಿನ ಕೆಂಪು ಗೆರೆಗಳನ್ನು.

'ನೂರಕ್ಕೆ ನೂರು ರಿಸಲ್ಟ್ ಗ್ಯಾರಂಟಿ' ಅಂತ ಬೋರ್ಡು ಹಾಕಿ ಹೆಚ್ಚು ಫೀ ಕೇಳುವ ದಾರಿಯೂ ಒಂದಿದೆ. ಬೇಡ. ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳ ಮೇಲೆ ಮಾರ್ಗಸೂಚಿ ತಂದು ಇಂಥ ಗ್ಯಾರಂಟಿಗಳನ್ನು ನಿಷೇಧಿಸಿದೆ. ಅದಿಲ್ಲದಿದ್ದರೂ, ಓದದ ಮಗುವಿನ ಗ್ಯಾರಂಟಿಯನ್ನು ನಾವು ಏಕೆ ಹೊರಬೇಕು?

ಹಾಕಿ ಕಲಿಸುವವರ ಕಷ್ಟ ಬೇರೆ

ನನ್ನ ಅಣ್ಣನ ಸ್ನೇಹಿತರೊಬ್ಬರು ಬೇಸಿಗೆಯಲ್ಲಿ ಮಕ್ಕಳಿಗೆ ಹಾಕಿ ಕ್ಯಾಂಪ್ ಮಾಡುತ್ತಾರೆ. ಫೀ ವಿಷಯ ಬಂದರೆ ಅವರ ಮುಖ ನನಗಿಂತ ಚಿಕ್ಕದಾಗುತ್ತದೆ. ಕಾರಣ ಸ್ಪಷ್ಟ. ಇಲ್ಲಿ ಹಾಕಿ ಅಂದರೆ ಮನೆಯ ಆಟ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರುಮಾಡಿದ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡಗಳಷ್ಟು ಬೆಳೆಯಿತು. ಅಜ್ಜ, ಅತ್ತೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಕಡೆ 'ಸ್ಟಿಕ್ ಹಿಡಿಯೋದು ಹೇಳಿಕೊಡಕ್ಕೆ ದುಡ್ಡಾ?' ಅನ್ನುವ ಪ್ರಶ್ನೆ ಬರುತ್ತದೆ. ಅವರಿಗೆ ನಾನು ಹೇಳಿದ್ದು ಒಂದೇ ಮಾತು: ಸ್ಟಿಕ್ ಹಿಡಿಯುವುದು ಹೇಳಿಕೊಡುವುದಕ್ಕೆ ದುಡ್ಡು ಕೇಳಬೇಡಿ. ಮೈದಾನಕ್ಕೆ, ಚೆಂಡಿಗೆ, ಗೋಲ್‌ಕೀಪರ್ ಪ್ಯಾಡಿಗೆ, ಬೆಳಗ್ಗೆ ಹಾಲು-ಮೊಟ್ಟೆಗೆ ಇಷ್ಟು, ನಿಮ್ಮ ಮೂವತ್ತು ದಿನದ ಕೂಲಿ ಇಷ್ಟು ಅಂತ ಬಿಡಿಸಿ ಬರೆದು, ಕ್ಯಾಂಪಿಗೆ ಒಂದೇ ಬೆಲೆ ಇಡಿ. ಒಂದು ಪ್ಯಾಡ್ ಸೆಟ್ಟಿನ ಬೆಲೆ ಗೊತ್ತಿಲ್ಲದ ಅಪ್ಪನಿಗೆ ಅದನ್ನು ಓದಿದ ಮೇಲೆ ಬಾಯಿ ಬರುವುದಿಲ್ಲ. ಅವರ ಕ್ಯಾಂಪಿಗೆ ಮಳೆ ಶತ್ರು. ಮೇ ಕೊನೆ ದಾಟಿದರೆ ಮೈದಾನವೇ ಇಲ್ಲ. ಹಾಗಾಗಿ ಕಂತು ಬೇಡ, ಮೊದಲ ದಿನವೇ ಪೂರ್ತಿ.

20 ಲಕ್ಷದ ಗೆರೆ

ತೆರಿಗೆಯ ಮಾತು ನನ್ನಂಥವರಿಗೆ ದೂರ, ಆದರೆ ಬೆಳೆಯುವವರಿಗೆ ಬೇಕು. ಕೋಚಿಂಗ್ ಮೇಲೆ ಜಿಎಸ್‌ಟಿ ಶೇ. 18. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ನೋಂದಣಿ ಬೇಡ. 12,400ರ ಫೀಯಲ್ಲಿ 161 ಮಕ್ಕಳವರೆಗೆ ಗೆರೆಯ ಈಚೆ, 162ನೆಯ ಮಗುವಿಗೆ ಆಚೆ. ದಾಟಿದ ಮೇಲೆ ಬೋರ್ಡಿನ ಮೇಲಿನ ಬೆಲೆ ಅದೇ ಉಳಿಸಿದರೆ, 12,400ರಲ್ಲಿ ನಮ್ಮದು 10,508, ಸರ್ಕಾರದ್ದು 1,892. ಒಂದು ಮಗು ಹೆಚ್ಚಾದದ್ದಕ್ಕೆ ಮುಂದಿನ ಎಲ್ಲರ ಫೀಯಿಂದ ಹೀಗೆ ಹೋಗುತ್ತದೆ. ತಂದೆ-ತಾಯಿಯರು ಜಿಎಸ್‌ಟಿ ಕಟ್ಟಿ ವಾಪಸ್ ಪಡೆಯುವ ಕಂಪನಿಗಳಲ್ಲ, ಅವರಿಗೆ ಕಾಣುವುದು ಒಟ್ಟು ಬೆಲೆ ಮಾತ್ರ. ವಹಿವಾಟು 50 ಲಕ್ಷದೊಳಗಿದ್ದರೆ ಒಟ್ಟು ವಹಿವಾಟಿನ ಮೇಲೆ ಶೇ. 6 ಮಾತ್ರ ಕಟ್ಟುವ ಕಾಂಪೊಸಿಷನ್ ಯೋಜನೆ ಇದೆ: 12,400ಕ್ಕೆ 744. ಅದನ್ನು ಮಕ್ಕಳಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ನಮ್ಮ ಕೈಯಿಂದಲೇ ಹೋಗಬೇಕು. ಗೆರೆಯ ಹತ್ತಿರ ಬಂದವರು ದಾಟುವ ವರ್ಷದ ಫೀಯನ್ನು ಏಪ್ರಿಲ್‌ನಲ್ಲೇ ಇದನ್ನು ಹಿಡಿದು ಕಟ್ಟಬೇಕು.

ಕೊಡಗಿನಲ್ಲಿ ಇನ್ನೊಂದು ಹೊಂಡ ಇದೆ. 20 ಲಕ್ಷ ಅನ್ನುವುದು ಕ್ಲಾಸಿಗಲ್ಲ, ಪ್ಯಾನ್ ಸಂಖ್ಯೆಗೆ. ಅದೇ ಹೆಸರಿನಲ್ಲಿ ಹೋಂಸ್ಟೇಯೂ ಇದ್ದರೆ ಆ ವಹಿವಾಟೂ ಸೇರುತ್ತದೆ. ಟ್ಯೂಷನ್ 12 ಲಕ್ಷ, ಹೋಂಸ್ಟೇ 9 ಲಕ್ಷ ಅಂದರೆ ಗೆರೆ ದಾಟಿ ಆಯಿತು. ಹಾಕಿ ಕೋಚ್‌ಗೂ ಒಂದು ಮಾತು: ಕ್ರೀಡಾ ತರಬೇತಿಗೆ ಜಿಎಸ್‌ಟಿ ವಿನಾಯಿತಿ ಇರುವುದು ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿಸಿದ ದತ್ತಿ ಸಂಸ್ಥೆಗಳಿಗೆ. ಒಬ್ಬ ವ್ಯಕ್ತಿಯಾಗಿ ಸಂಗೀತವನ್ನೋ ನೃತ್ಯವನ್ನೋ ಹವ್ಯಾಸಕ್ಕೆ ಕಲಿಸುವವರಿಗೆ ಸಿಗುವ ವಿನಾಯಿತಿ ಹಾಕಿ ಕಲಿಸುವವರಿಗೆ ಇಲ್ಲ.

ಕಳೆದ ವಾರ ಓನರ್ ಬಂದು ಜೂನ್‌ನಿಂದ ಬಾಡಿಗೆ 1,500 ಹೆಚ್ಚು ಅಂದರು. ವರ್ಷಕ್ಕೆ 18,000, ತಲೆಗೆ 441. ಹಿಂದೆಲ್ಲ ಇಂಥದ್ದು ಕೇಳಿದರೆ ಒಂದು ವಾರ ಊಟ ಸೇರುತ್ತಿರಲಿಲ್ಲ. ಈ ಸಲ ಅವರು ಮೆಟ್ಟಿಲು ಇಳಿಯುವುದರೊಳಗೆ ಬೋರ್ಡಿನ ಮೂಲೆಯಲ್ಲಿ 12,850 ಅಂತ ಬರೆದಾಗಿತ್ತು.